ಆರು ಗಂಟೆಗೊಮ್ಮೆ ಲಾಗೌಟ್: ವಾಟ್ಸಾಪನ್ನು ಸಿಮ್‌ಗೆ ಕಟ್ಟಿಹಾಕಿದರೆ ಏನಾಗುತ್ತದೆ?

ಕೆಲವು ಸುದ್ದಿಗಳು ಒಂದರ ಮೇಲೊಂದು ಬಿದ್ದು ಗೋಜಲಾಗಿಬಿಡುತ್ತವೆ. ನವೆಂಬರ್ 28, 2025ರಂದು ಕೇಂದ್ರದ ದೂರಸಂಪರ್ಕ ಇಲಾಖೆ ಎರಡು ಆದೇಶ ಹೊರಡಿಸಿತು. ಒಂದು ಮೊಬೈಲ್ ತಯಾರಕರಿಗೆ. ಹೊಸ ಫೋನ್‌ಗಳಲ್ಲೆಲ್ಲ ಸಿಮ್, ಫೋನ್ ವಂಚನೆ ತಡೆಯಲೆಂದು ಸರ್ಕಾರವೇ ಮಾಡಿರುವ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕು ಎಂದು. ಇನ್ನೊಂದು ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್, ಅರಟ್ಟೈ ಮುಂತಾದ ಮೆಸೇಜಿಂಗ್ ಆ್ಯಪ್‌ಗಳಿಗೆ. ಫೋನಿನಲ್ಲಿ ಸಿಮ್ ಇಲ್ಲದಿದ್ದರೆ ಆ್ಯಪ್ ನಡೆಯಬಾರದು, ಕಂಪ್ಯೂಟರ್‌ನಲ್ಲಿ ತೆರೆದಿಟ್ಟ ಖಾತೆ ಆರು ಗಂಟೆಯೊಳಗೆ ತಾನಾಗಿಯೇ ಲಾಗೌಟ್ ಆಗಬೇಕು ಎಂದು.

ಮೊದಲನೆಯದಕ್ಕೆ ದೊಡ್ಡ ಗಲಾಟೆಯಾಯಿತು. ಡಿಸೆಂಬರ್ 3ಕ್ಕೆ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಅದರ ಜೊತೆಗೆ ಎರಡನೆಯದೂ ಹೋಯಿತು ಎಂದುಕೊಳ್ಳುವುದು ಸುಲಭ. ಆದರೆ ಹೋಗಲಿಲ್ಲ.

ಹಾಗೆ ನೋಡಿದರೆ ನಮ್ಮ ದಿನಚರಿಗೆ ಜಾಸ್ತಿ ತಟ್ಟುವುದು ಈ ಎರಡನೆಯದೇ. ಬೇಡದ ಆ್ಯಪ್ ಒಂದು ಫೋನಿನ ಮೂಲೆಯಲ್ಲಿ ಕೂತಿದ್ದರೆ ಮರೆತುಬಿಡಬಹುದು. ವಾಟ್ಸಾಪ್ ಹಾಗಲ್ಲ. 2021ರಲ್ಲಿ ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ 53 ಕೋಟಿ ಜನ ಅದನ್ನು ಬಳಸುತ್ತಿದ್ದರು.

ಆದೇಶದಲ್ಲಿ ಇರುವುದೇನು?

ಮಾತು ಎರಡೇ. ಮೊದಲನೆಯದು ಸಿಮ್ ಬೈಂಡಿಂಗ್, ಅಂದರೆ ಆ್ಯಪನ್ನು ಸಿಮ್‌ಗೆ ಕಟ್ಟಿಹಾಕುವುದು. ಯಾವ ನಂಬರಿನಿಂದ ಖಾತೆ ತೆರೆದಿದ್ದೀರೋ ಆ ನಂಬರಿನ ಸಿಮ್ ಅದೇ ಫೋನಿನೊಳಗೆ ಇರಬೇಕು, ಚಾಲ್ತಿಯಲ್ಲೂ ಇರಬೇಕು. ಖಾತೆ ತೆರೆಯುವಾಗ ಒಂದು ಸಲ ಇದ್ದರೆ ಸಾಲದು, ಯಾವಾಗಲೂ ಇರಬೇಕು. ತೆಗೆದರೆ ಆ್ಯಪ್ ನಿಲ್ಲಬೇಕು.

ಎರಡನೆಯದು ವೆಬ್ ಆವೃತ್ತಿಗೆ ಸಂಬಂಧಿಸಿದ್ದು. ಲ್ಯಾಪ್‌ಟಾಪ್‌ನಲ್ಲೋ ಆಫೀಸಿನ ಕಂಪ್ಯೂಟರ್‌ನಲ್ಲೋ ತೆರೆದ ಖಾತೆ ಹೆಚ್ಚೆಂದರೆ ಆರು ಗಂಟೆ ಇರಬಹುದು. ಆಮೇಲೆ ಮತ್ತೆ ಫೋನ್ ತೆಗೆದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಒಳಗೆ ಬರಬೇಕು.

ಇದನ್ನು ಜಾರಿ ಮಾಡಲು ಕಂಪನಿಗಳಿಗೆ ಆದೇಶ ಕೊಟ್ಟ ಗಡುವು 90 ದಿನ. ಲೆಕ್ಕ ಹಾಕಿದರೆ ಅದು 2026ರ ಫೆಬ್ರುವರಿ ಕೊನೆಗೆ ಬರುತ್ತಿತ್ತು. 120 ದಿನದೊಳಗೆ ಪಾಲನಾ ವರದಿಯನ್ನೂ ಕೊಡಬೇಕಿತ್ತು.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಬಿಡಿಸಿಬಿಡೋಣ. ಸರ್ಕಾರ ನಮ್ಮ ಮೆಸೇಜ್ ಓದಲು ಹೊರಟಿದೆ ಎಂದು ಇದರ ಅರ್ಥವಲ್ಲ. 2016ರಿಂದ ವಾಟ್ಸಾಪ್ ಸಂದೇಶಗಳಿಗೆ ಆ ತುದಿಯಿಂದ ಈ ತುದಿಯವರೆಗೆ ಬೀಗ ಇದೆ. ಈ ಆದೇಶ ಆ ಬೀಗವನ್ನು ಮುಟ್ಟುವುದಿಲ್ಲ. ಅದು ಕೇಳುವುದು ಬಾಗಿಲಲ್ಲಿ ನಿಂತವರು ಯಾರು ಎಂದು. ಒಳಗೆ ಏನು ಮಾತಾಡಿದಿರಿ ಎಂದಲ್ಲ.

ಈಗ ವಾಟ್ಸಾಪ್ ನಮ್ಮನ್ನು ಹೇಗೆ ಗುರುತಿಸುತ್ತದೆ?

ಹೊಸ ಫೋನಿಗೆ ವಾಟ್ಸಾಪ್ ಹಾಕಿದಾಗ ಆರು ಅಂಕಿಯ ಓಟಿಪಿ ಬರುತ್ತದೆ. ಅದನ್ನು ಕೊಟ್ಟರೆ ಮುಗಿಯಿತು. ಆಮೇಲೆ ಆ್ಯಪ್ ನೆಚ್ಚಿಕೊಳ್ಳುವುದು ಫೋನಿನೊಳಗೆ ತಾನೇ ಇಟ್ಟುಕೊಂಡ ಒಂದು ಕೀಲಿಯನ್ನು. ಸಿಮ್ಮನ್ನಲ್ಲ. ಸಿಮ್ ತೆಗೆದು ಬೀರುವಿನಲ್ಲಿಟ್ಟರೂ ವೈಫೈ ಇದ್ದರೆ ಮೆಸೇಜ್ ಹೋಗುತ್ತದೆ, ವಿಡಿಯೋ ಕಾಲ್ ಬರುತ್ತದೆ.

ಸಿಮ್ ರೀಚಾರ್ಜ್ ಮಾಡದೆ ಸತ್ತುಹೋದರೂ ಹೀಗೇ. ಅಲ್ಲಿ ಇನ್ನೊಂದು ತೊಡಕು ಹುಟ್ಟುತ್ತದೆ. ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಟೆಲಿಕಾಂ ಕಂಪನಿ ಬೇರೆಯವರಿಗೆ ಕೊಡಬಹುದು. ಹೊಸಬರು ಅದೇ ನಂಬರಿನಲ್ಲಿ ವಾಟ್ಸಾಪ್ ತೆರೆಯುವವರೆಗೂ ಹಳಬರ ಖಾತೆ ನಡೆಯುತ್ತಲೇ ಇರಬಹುದು. ಅಂದರೆ ನಂಬರ್ ಒಬ್ಬರದು, ವಾಟ್ಸಾಪ್ ಇನ್ನೊಬ್ಬರದು.

ಕಂಪ್ಯೂಟರ್ ಕಡೆಯ ಕಥೆ ಸ್ವಲ್ಪ ಬೇರೆ. ವಾಟ್ಸಾಪ್ ವೆಬ್ ಬಂದಿದ್ದು 2015ರ ಜನವರಿಯಲ್ಲಿ. ಆಗ ಫೋನಿನಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಕಂಪ್ಯೂಟರ್‌ನಲ್ಲೂ ನಡೆಯುತ್ತಿರಲಿಲ್ಲ. ಫೋನ್ ಸ್ವಿಚ್ ಆಫ್ ಆದರೆ ಪರದೆಯ ಮೇಲೆ ಹಳದಿ ಪಟ್ಟಿ ಬರುತ್ತಿದ್ದುದು ನೆನಪಿರಬಹುದು. 2021ರಲ್ಲಿ ಅದು ಬದಲಾಯಿತು. ಈಗ ಒಂದು ಖಾತೆಗೆ ನಾಲ್ಕು ಸಾಧನಗಳನ್ನು ಜೋಡಿಸಬಹುದು, ಫೋನ್ ಆನ್ ಇರಲೇಬೇಕೆಂದಿಲ್ಲ. ಮುಖ್ಯ ಫೋನನ್ನು 14 ದಿನ ಮುಟ್ಟದಿದ್ದರೆ ಮಾತ್ರ ಉಳಿದವು ಲಾಗೌಟ್ ಆಗುತ್ತವೆ. 14 ದಿನವನ್ನು 6 ಗಂಟೆಗೆ ಇಳಿಸಿದಾಗ ಆಗುವ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಸರ್ಕಾರದ ವಾದ

ಸೈಬರ್ ವಂಚನೆಯಲ್ಲಿ 2024ರಲ್ಲಿ ದೇಶದ ಜನ ಕಳೆದುಕೊಂಡ ಹಣ 22,800 ಕೋಟಿ ರೂಪಾಯಿಗೂ ಹೆಚ್ಚು. ಹಿಂದಿನ ವರ್ಷ ಅದು ಸುಮಾರು 7,465 ಕೋಟಿ ಇತ್ತು. ಒಂದೇ ವರ್ಷಕ್ಕೆ ಮೂರು ಪಟ್ಟು. 'ಡಿಜಿಟಲ್ ಅರೆಸ್ಟ್' ಹೆಸರಿನ ಮೋಸಕ್ಕೆ, ಅಂದರೆ ಪೊಲೀಸರ ಸೋಗಿನಲ್ಲಿ ವಿಡಿಯೋ ಕಾಲ್ ಮಾಡಿ ಹೆದರಿಸಿ ಹಣ ಕೀಳುವುದಕ್ಕೆ, ಇದರಲ್ಲಿ ದೊಡ್ಡ ಹೆಸರು ಬಂದಿದೆ. 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಆ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ಈ ವಂಚಕರಲ್ಲಿ ಅನೇಕರು ಕೂತಿರುವುದು ಕಾಂಬೋಡಿಯಾ, ಮ್ಯಾನ್ಮಾರ್‌ನಂಥ ದೇಶಗಳಲ್ಲಿ. ಆದರೆ ಕರೆ ಬರುವುದು +91ರಿಂದ. ಅದು ಹೇಗೆ? ಇಲ್ಲಿ ಯಾರದೋ ಹೆಸರಿನಲ್ಲಿ ಸಿಮ್ ತೆಗೆಯುತ್ತಾರೆ. ಓಟಿಪಿ ಅಲ್ಲಿಗೆ ಕಳಿಸುತ್ತಾರೆ. ಅಲ್ಲಿ ವಾಟ್ಸಾಪ್ ಖಾತೆ ತೆರೆದುಕೊಳ್ಳುತ್ತದೆ. ಆಮೇಲೆ ಸಿಮ್ ಮುರಿದು ಚರಂಡಿಗೆ ಎಸೆದರೂ ಖಾತೆ ಜೀವಂತ. ಪೊಲೀಸರು ಆ ನಂಬರ್ ಹಿಡಿದು ಟವರ್ ಲೊಕೇಶನ್ ಕೇಳಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಆ ಸಿಮ್ ಯಾವ ಟವರಿಗೂ ಅಂಟಿಕೊಂಡಿಲ್ಲ.

ಸಿಮ್ ಫೋನಿನಲ್ಲೇ ಇರಬೇಕೆಂದಾದರೆ ಈ ದಾರಿ ಮುಚ್ಚುತ್ತದೆ ಎನ್ನುವುದು ಇಲಾಖೆಯ ಮಾತು. ವಿದೇಶದಲ್ಲಿ ಬಳಸಿದರೆ ರೋಮಿಂಗ್ ದಾಖಲೆ ಉಳಿಯುತ್ತದೆ. ದೂರು ಬಂದಾಗ ಸಿಮ್ ಬಂದ್ ಮಾಡಿದರೆ ಅದರ ಜೊತೆಗೇ ವಾಟ್ಸಾಪ್ ಕೂಡ ಬಂದ್ ಆಗುತ್ತದೆ. ಈಗ ಹಾಗಾಗುವುದಿಲ್ಲ.

ಆರು ಗಂಟೆಯ ನಿಯಮಕ್ಕೂ ಕಾರಣ ಇದೆ. ಲಿಂಕ್ ಮಾಡಿದ ಕಂಪ್ಯೂಟರ್ ಎಲ್ಲಿದೆ ಎಂದು ಫೋನಿನ ಒಡೆಯರಿಗೆ ಗೊತ್ತೇ ಇರುವುದಿಲ್ಲ. 'ನಿಮ್ಮ ಫೋಟೊ ಇಲ್ಲಿದೆ ನೋಡಿ' ಎಂದು ಲಿಂಕ್ ಕಳಿಸಿ, ಅಲ್ಲಿ ಬಂದ ಎಂಟು ಅಕ್ಷರದ ಕೋಡನ್ನು ವಾಟ್ಸಾಪ್‌ನಲ್ಲಿ ಹಾಕಿಸಿ, ವಂಚಕರು ತಮ್ಮ ಬ್ರೌಸರನ್ನೇ ನಮ್ಮ ಖಾತೆಗೆ ಜೋಡಿಸಿಕೊಳ್ಳುವ ಮೋಸ ಇದೆ. ಫೋನ್ ಮಾಮೂಲಿಯಾಗಿ ನಡೆಯುತ್ತಿರುತ್ತದೆ. ಅತ್ತ ಇನ್ನೊಬ್ಬರು ಎಲ್ಲವನ್ನೂ ಓದುತ್ತಿರುತ್ತಾರೆ. ಆರು ಗಂಟೆಗೆ ಲಾಗೌಟ್ ಆದರೆ ಅವರು ಹೊರಬೀಳುತ್ತಾರೆ.

ಈ ಎರಡು ವಾದದಲ್ಲೂ ಹುರುಳಿದೆ. ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಯುಪಿಐನಲ್ಲಿ ಇದು ಮೊದಲಿನಿಂದಲೂ ಇದೆ

ಸಿಮ್ ಬೈಂಡಿಂಗ್ ನಮಗೆ ಹೊಸದೇನಲ್ಲ. ಯುಪಿಐ ಆ್ಯಪ್ ಹಾಕಿಕೊಂಡಾಗ 'ನಿಮ್ಮ ಫೋನಿನಿಂದ ಎಸ್ಸೆಮ್ಮೆಸ್ ಕಳಿಸುತ್ತಿದ್ದೇವೆ' ಎಂದು ತೋರಿಸುತ್ತದಲ್ಲ, ಅದೇ ಇದು. ಬ್ಯಾಂಕಿನಲ್ಲಿ ಕೊಟ್ಟ ನಂಬರಿನ ಸಿಮ್‌ನಿಂದಲೇ ಎಸ್ಸೆಮ್ಮೆಸ್ ಹೋಗಬೇಕು. ಬೇರೆ ಸಿಮ್‌ನಿಂದ ಹೋದರೆ ಖಾತೆ ತೆರೆಯುವುದಿಲ್ಲ. ಸಿಮ್ ಬದಲಾಯಿಸಿದರೆ ಮತ್ತೆ ಮೊದಲಿನಿಂದ. ದುಡ್ಡಿನ ವಿಷಯಕ್ಕೆ ಇದನ್ನು ನಾವೆಲ್ಲ ಒಪ್ಪಿಕೊಂಡಿದ್ದೇವೆ. ಯಾರೂ ಗೊಣಗುವುದಿಲ್ಲ.

ಹಾಗಾದರೆ ಯುಪಿಐನಲ್ಲಿ ಮೋಸ ನಿಂತಿದೆಯೇ? ಇಲ್ಲ. ಒಂದು ಜಾತಿಯ ಮೋಸ ಕಷ್ಟವಾಯಿತು ಅಷ್ಟೆ. ಯಾರೋ ದೂರದಲ್ಲಿ ಕೂತು ನಮ್ಮ ಹೆಸರಿನಲ್ಲಿ ಯುಪಿಐ ತೆರೆಯುವುದು ಈಗ ಸುಲಭವಲ್ಲ. ಆದರೆ ನಮ್ಮ ಕೈಯಿಂದಲೇ ಪಿನ್ ಒತ್ತಿಸಿಕೊಂಡರೆ? ಅಲ್ಲಿ ಸಿಮ್ ಸರಿಯಾಗಿದೆ, ಫೋನ್ ಸರಿಯಾಗಿದೆ, ಪಿನ್ ಸರಿಯಾಗಿದೆ. ಒತ್ತುವವರು ಹೆದರಿಕೊಂಡಿದ್ದಾರೆ, ಅಷ್ಟೇ.

ಬೆಂಗಳೂರಿನ 57 ವರ್ಷದ ಮಹಿಳೆಯೊಬ್ಬರು ಡಿಜಿಟಲ್ ಅರೆಸ್ಟ್‌ಗೆ ಸಿಲುಕಿ ಸುಮಾರು 32 ಕೋಟಿ ರೂಪಾಯಿ ಕಳೆದುಕೊಂಡ ಪ್ರಕರಣ 2025ರ ನವೆಂಬರ್‌ನಲ್ಲಿ ಬೆಳಕಿಗೆ ಬಂತು. ದೂರಿನ ಪ್ರಕಾರ ತಿಂಗಳುಗಟ್ಟಲೆ ನಡೆದ ಆ ಮೋಸದಲ್ಲಿ ಹಣ ಹೋಗಿದ್ದು 187 ಸಲ. ಪ್ರತಿ ಸಲವೂ ಬ್ಯಾಂಕಿನ ಮೂಲಕವೇ. ಅವರ ಮೇಲೆ ಕಣ್ಣಿಡಲು ವಂಚಕರು ಬಳಸಿದ್ದು ಸ್ಕೈಪನ್ನು. ಸ್ಕೈಪ್‌ಗೆ ಸಿಮ್ ಬೇಕಾಗಿಯೇ ಇರಲಿಲ್ಲ, ಒಂದು ಇಮೇಲ್ ಇದ್ದರೆ ಸಾಕಿತ್ತು. ವಾಟ್ಸಾಪನ್ನು ಸಿಮ್‌ಗೆ ಕಟ್ಟಿಹಾಕಿದ್ದರೂ ಆ ವಿಡಿಯೋ ಕಾಲ್ ನಿಲ್ಲುತ್ತಿರಲಿಲ್ಲ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಬೇಕು. ಸಿಮ್ ಎಲ್ಲಿದೆ ಎನ್ನುವುದು ಒಂದು. ಸಿಮ್ ಯಾರ ಕೈಯಲ್ಲಿದೆ ಎನ್ನುವುದು ಇನ್ನೊಂದು. ಸಿಮ್ ಬೈಂಡಿಂಗ್ ಉತ್ತರ ಕೊಡುವುದು ಮೊದಲನೆಯದಕ್ಕೆ. ವಂಚನೆ ಬೆಳೆದಿರುವುದು ಎರಡನೆಯದರಲ್ಲಿ. ಬಸ್ ಸ್ಟ್ಯಾಂಡಿನ ಪಕ್ಕ ಕೊಡೆ ನೆಟ್ಟು ಸಿಮ್ ಮಾರುವವರು ಗಿರಾಕಿಯ ಹೆಬ್ಬೆಟ್ಟನ್ನು 'ಸರಿಯಾಗಿ ಬಂದಿಲ್ಲ' ಎಂದು ಎರಡನೇ ಸಲ ಒತ್ತಿಸಿಕೊಂಡರೆ, ಗಿರಾಕಿಗೆ ಗೊತ್ತಿಲ್ಲದೆ ಅವರ ಹೆಸರಿನಲ್ಲಿ ಇನ್ನೊಂದು ಸಿಮ್ ಹುಟ್ಟಬಹುದು. ಆ ಸಿಮ್ ಫೋನಿನೊಳಗೇ ಇರುತ್ತದೆ, ಚಾಲ್ತಿಯಲ್ಲೂ ಇರುತ್ತದೆ. ಆದೇಶ ಕೇಳುವ ಎರಡೂ ಷರತ್ತು ಪೂರೈಸುತ್ತದೆ.

ಜೆರಾಕ್ಸ್ ಅಂಗಡಿಯ ಮಧ್ಯಾಹ್ನ

ಈಗ ದಿನನಿತ್ಯದ ಕೆಲಸಕ್ಕೆ ಬರೋಣ. ತಾಲ್ಲೂಕು ಕಚೇರಿ ಎದುರಿನ ಯಾವುದಾದರೂ ಜೆರಾಕ್ಸ್ ಅಂಗಡಿ ನೋಡಿ. ಗಾಜಿನ ಮೇಲೆ ದೊಡ್ಡದಾಗಿ ಒಂದು ಮೊಬೈಲ್ ನಂಬರ್ ಅಂಟಿಸಿರುತ್ತಾರೆ. ಬಂದವರು ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡ್ ಏನೇ ಇದ್ದರೂ ಆ ನಂಬರಿಗೆ ವಾಟ್ಸಾಪ್ ಮಾಡುತ್ತಾರೆ. ಒಳಗಿನ ಕಂಪ್ಯೂಟರ್‌ನಲ್ಲಿ ವಾಟ್ಸಾಪ್ ವೆಬ್ ಬೆಳಗ್ಗೆಯಿಂದ ತೆರೆದೇ ಇರುತ್ತದೆ. 'ಕೊನೆ ನಂಬರ್ ಎಷ್ಟು ಸಾರ್?' 'ನಾಲ್ಕು ಎಂಟು.' 'ಎರಡು ಕಾಪಿನಾ?' ಹುಡುಗ ಡೌನ್‌ಲೋಡ್ ಒತ್ತುತ್ತಾನೆ, ಪ್ರಿಂಟ್ ಕೊಡುತ್ತಾನೆ. ಪೆನ್‌ಡ್ರೈವ್ ಕಾಲ ಮುಗಿದ ಮೇಲೆ ಇಡೀ ವ್ಯಾಪಾರ ನಡೆಯುತ್ತಿರುವುದೇ ಹೀಗೆ.

ಒಂಬತ್ತೂವರೆಗೆ ಅಂಗಡಿ ತೆರೆದು ಲಾಗಿನ್ ಆದರೆ ಮೂರೂವರೆಗೆ ಆರು ಗಂಟೆ ತುಂಬುತ್ತದೆ. ಪರದೆಯ ಮೇಲೆ ಕ್ಯೂಆರ್ ಕೋಡ್ ಬಂದು ನಿಲ್ಲುತ್ತದೆ. ಅದನ್ನು ಸ್ಕ್ಯಾನ್ ಮಾಡಬೇಕಾದ ಫೋನ್ ಮಾಲೀಕರ ಜೇಬಿನಲ್ಲಿದೆ. ಮಾಲೀಕರು ಪೇಪರ್ ರಿಮ್ ತರಲು ಪೇಟೆಗೆ ಹೋಗಿದ್ದಾರೆ, ಇಲ್ಲವೇ ಊಟ ಮುಗಿಸಿ ಮಲಗಿದ್ದಾರೆ. ಇತ್ತ ಅಂಗಡಿ ಮುಂದೆ ನಾಲ್ಕು ಗಂಟೆಯೊಳಗೆ ಅರ್ಜಿ ಕೊಡಬೇಕಾದವರ ಸಾಲು.

ಇದು ಪ್ರಪಂಚ ಮುಳುಗುವ ಸಂಗತಿಯಲ್ಲ. ದಿನಕ್ಕೆ ಎರಡು ಸಲ ಸ್ಕ್ಯಾನ್ ಮಾಡಿದರಾಯಿತು. ಆದರೆ ಆ ಫೋನ್ ಕೆಲಸದ ಜಾಗದಲ್ಲಿ ಇರಬೇಕು, ಸಿಮ್ ಅದರಲ್ಲೇ ಇರಬೇಕು, ಸ್ಕ್ಯಾನ್ ಮಾಡುವ ಅಧಿಕಾರ ಇರುವವರೂ ಅಲ್ಲೇ ಇರಬೇಕು. ಮೂರೂ ಕೂಡಿಬರಬೇಕು. ಟ್ರಾವೆಲ್ಸ್ ಆಫೀಸು, ಔಷಧಿ ಅಂಗಡಿ, ಆರ್ಡರ್ ತೆಗೆದುಕೊಳ್ಳುವ ಸೀರೆ ವ್ಯಾಪಾರ, ಎಲ್ಲ ಕಡೆ ಇದೇ ಲೆಕ್ಕ. ದೊಡ್ಡ ಕಂಪನಿಗಳಿಗೆ ಸರ್ವರ್ ಮೂಲಕ ನಡೆಯುವ ವಾಟ್ಸಾಪ್ ವ್ಯವಸ್ಥೆಯೇ ಬೇರೆ ಇದೆ. ನಮ್ಮ ಮೆಟ್ರೊ ವಾಟ್ಸಾಪ್‌ನಲ್ಲಿ ಟಿಕೆಟ್ ಕೊಡುವುದೂ ಅಂಥ ವ್ಯವಸ್ಥೆಯಿಂದಲೇ. ಅಲ್ಲಿ ಯಾರೂ ಫೋನ್ ಹಿಡಿದು ಕೂತಿರುವುದಿಲ್ಲ. ಹೊರೆ ಬೀಳುವುದು ಒಂದು ಫೋನು, ಒಂದು ಸಿಮ್ಮು, ಒಂದು ಕಂಪ್ಯೂಟರ್ ಇಟ್ಟುಕೊಂಡವರ ಮೇಲೆ.

ಹಾಗಂತ ಈ ನಿಯಮದ ಲಾಭವೂ ಅದೇ ಅಂಗಡಿಯಲ್ಲಿದೆ. ಅವಸರದಲ್ಲಿ ಬಂದವರು ಸೈಬರ್ ಸೆಂಟರ್ ಕಂಪ್ಯೂಟರ್‌ನಲ್ಲಿ ತಮ್ಮದೇ ವಾಟ್ಸಾಪ್ ತೆರೆದು ಲಾಗೌಟ್ ಮಾಡದೆ ಎದ್ದುಹೋಗುವುದುಂಟು. ಈಗ ಅದು ದಿನಗಟ್ಟಲೆ ಹಾಗೇ ತೆರೆದಿರಬಹುದು. ಆರು ಗಂಟೆಯ ನಿಯಮ ಬಂದರೆ ಅಂಥವರಿಗೆ ನಿಜಕ್ಕೂ ರಕ್ಷಣೆ ಸಿಗುತ್ತದೆ. ಕಷ್ಟ ಏನೆಂದರೆ ಸ್ವಂತ ಮನೆಯ ಲ್ಯಾಪ್‌ಟಾಪಿಗೂ ಸೈಬರ್ ಸೆಂಟರ್‌ಗೂ ಆದೇಶ ಒಂದೇ ಅಳತೆ ಹಾಕಿದೆ. ಬ್ಯಾಂಕಿನ ವೆಬ್‌ಸೈಟು ಐದು ನಿಮಿಷಕ್ಕೇ ಲಾಗೌಟ್ ಆಗುತ್ತದೆ, ಅದು ಸರಿ, ಏಕೆಂದರೆ ಅಲ್ಲಿ ಕೆಲಸವೂ ಐದೇ ನಿಮಿಷ. ವಾಟ್ಸಾಪ್ ಇಡೀ ದಿನ ತೆರೆದಿಡುವ ವಸ್ತು.

ದೂರ ಇರುವವರು, ಟವರ್ ಇಲ್ಲದವರು

ಅಮೆರಿಕದಲ್ಲೋ ದುಬೈಯಲ್ಲೋ ಇರುವ ಕನ್ನಡಿಗರಲ್ಲಿ ಎಷ್ಟೋ ಜನ ವಾಟ್ಸಾಪ್‌ಗೆ ಇನ್ನೂ ಊರಿನ ನಂಬರನ್ನೇ ಇಟ್ಟುಕೊಂಡಿರುತ್ತಾರೆ. ಮನೆಯವರ ಗ್ರೂಪು, ಹೈಸ್ಕೂಲ್ ಗೆಳೆಯರ ಗ್ರೂಪು ಎಲ್ಲ ಅದರಲ್ಲೇ. ಫೋನಿನಲ್ಲಿರುವುದು ಮಾತ್ರ ಆ ದೇಶದ ಸಿಮ್. ಊರಿನ ಸಿಮ್ ಪಾಸ್‌ಪೋರ್ಟ್ ಜೊತೆ ಡ್ರಾಯರಿನಲ್ಲಿ. ಸಿಮ್ ಫೋನಿನಲ್ಲೇ ಇದ್ದು ರೋಮಿಂಗ್‌ನಲ್ಲಿದ್ದರೆ ತೊಂದರೆ ಇಲ್ಲ ಎಂದು ಇಲಾಖೆ ಹೇಳಿದೆ. ಡ್ರಾಯರಿನಲ್ಲಿದ್ದರೆ ತೊಂದರೆ ಇದೆ.

ಎರಡು ಸಿಮ್ ಹಿಡಿಯುವ ಫೋನಾದರೆ ಊರಿನ ಸಿಮ್ಮನ್ನೂ ಹಾಕಿಡಬಹುದು. ಆದರೆ 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ ಸಿಮ್ ಹಾಕುವ ಕಿಂಡಿಯೇ ಇಲ್ಲ. ಅಂಥವರು ಊರಿನ ಸಿಮ್ಮನ್ನು ಇ-ಸಿಮ್, ಅಂದರೆ ಕಾರ್ಡ್ ಇಲ್ಲದ ಡಿಜಿಟಲ್ ಸಿಮ್, ಮಾಡಿಸಿಕೊಳ್ಳಬೇಕು. ಅದಕ್ಕೆ ಓಟಿಪಿ ಬರಬೇಕು, ಓಟಿಪಿ ಬರಲು ಹಳೆಯ ಸಿಮ್ ಯಾವುದಾದರೂ ಫೋನಿನಲ್ಲಿ ಜೀವಂತ ಇರಬೇಕು. ಊರಿಗೆ ಬಂದಾಗಲೇ ಮಾಡಿಸಿಕೊಂಡು ಹೋಗುವುದು ವಾಸಿ.

ಊರಲ್ಲೇ ಇರುವವರದು ಇನ್ನೊಂದು ಪಾಡು. ಮಗ ಕೊಟ್ಟ ಹಳೆಯ ಸ್ಮಾರ್ಟ್‌ಫೋನಿನಲ್ಲಿ ಅಜ್ಜಿ ವೈಫೈ ಮೇಲೆ ವಿಡಿಯೋ ಕಾಲ್ ಮಾಡುತ್ತಾರೆ. ಅದೇ ನಂಬರಿನ ಸಿಮ್ ಇರುವುದು ಅವರ ಕೀಪ್ಯಾಡ್ ಫೋನಿನಲ್ಲಿ, ಏಕೆಂದರೆ ಕೈ ಆ ಬಟನ್‌ಗಳಿಗೇ ಒಗ್ಗಿದೆ. ಓಟಿಪಿ ಇದರಲ್ಲಿ ಬಂತು, ಅದರಲ್ಲಿ ಹಾಕಿದರು, ಇಷ್ಟು ವರ್ಷ ನಡೆಯಿತು. ಹೊಸ ನಿಯಮದಲ್ಲಿ ಇದು ನಡೆಯುವುದಿಲ್ಲ.

ಮಲೆನಾಡಿನ ಕಥೆ ಕೇಳುವುದೇ ಬೇಡ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಒಳಗಿನ ಎಷ್ಟೋ ಮನೆಗಳಲ್ಲಿ ಟವರ್ ಸಿಗ್ನಲ್ ಇಲ್ಲ, ಫೈಬರ್ ವೈಫೈ ಇದೆ. ಅಲ್ಲಿ ಫೋನ್ ಎಂದರೇ ವಾಟ್ಸಾಪ್ ಕಾಲ್. ಸಿಮ್ ಫೋನಿನೊಳಗಿದೆಯೇ ಎಂದು ಮಾತ್ರ ಆ್ಯಪ್ ನೋಡಿದರೆ ಇವರಿಗೆ ಏನೂ ಆಗುವುದಿಲ್ಲ. ಸಿಮ್ 'ಚಾಲ್ತಿಯಲ್ಲಿದೆಯೇ' ಎಂದು ತಿಳಿಯಲು ಆಗಾಗ ಎಸ್ಸೆಮ್ಮೆಸ್ ಕಳಿಸಿ ನೋಡುವ ದಾರಿ ಹಿಡಿದರೆ, ಎಸ್ಸೆಮ್ಮೆಸ್ ಹೋಗಬೇಕೆಂದು ಗುಡ್ಡ ಹತ್ತಬೇಕಾಗುತ್ತದೆ. ಒಂದೇ ನಿಯಮ, ಆದರೆ ಪರಿಣಾಮ ನಿಂತಿರುವುದು ಅದನ್ನು ಕೋಡ್ ಮಾಡುವ ಇಂಜಿನಿಯರ್ ಯಾವ ದಾರಿ ಆರಿಸಿಕೊಳ್ಳುತ್ತಾರೆ ಎನ್ನುವುದರ ಮೇಲೆ.

ಆ ಇಂಜಿನಿಯರ್ ಮುಂದಿರುವ ದಾರಿಗಳೂ ಕಡಿಮೆ. ಖಾಸಗಿತನದ ಕಾರಣಕ್ಕೆ ಆ್ಯಪ್‌ಗಳು ಸಿಮ್ಮಿನ ಗುರುತಿನ ಸಂಖ್ಯೆ ಓದುವುದನ್ನು ಆಂಡ್ರಾಯ್ಡ್ 10ರಿಂದ ಗೂಗಲ್ ತಡೆದಿದೆ. ಆ್ಯಪಲ್ ಅಂತೂ ಬಿಡುವುದೇ ಇಲ್ಲ. ಐಫೋನಿನಲ್ಲಿ ಆ್ಯಪ್ ತಾನಾಗಿ ಎಸ್ಸೆಮ್ಮೆಸ್ ಕಳಿಸುವಂತೆಯೂ ಇಲ್ಲ. ಯುಪಿಐ ಹಾಕಿಕೊಳ್ಳುವಾಗ ಐಫೋನಿನವರು ತಾವೇ 'ಸೆಂಡ್' ಒತ್ತಬೇಕಾಗುವುದು ಇದಕ್ಕೇ. ಖಾಸಗಿತನ ಕಾಪಾಡಲೆಂದು ಹಾಕಿದ ಗೋಡೆಯಲ್ಲಿ ಈಗ ಭದ್ರತೆಗೆಂದು ಕಿಂಡಿ ಕೊರೆಯಬೇಕಾಗಿದೆ.

ಇಲಾಖೆಗೆ ಈ ಅಧಿಕಾರ ಇದೆಯೇ?

ಇಲ್ಲಿ ಎರಡು ಬಣಗಳಿವೆ. ಟೆಲಿಕಾಂ ಕಂಪನಿಗಳ ಸಂಘವಾದ ಸಿಒಎಐ ಆದೇಶವನ್ನು ಸ್ವಾಗತಿಸಿದೆ. ತಂತ್ರಜ್ಞಾನ ಕಂಪನಿಗಳೂ ಇರುವ ಬ್ರಾಡ್‌ಬ್ಯಾಂಡ್ ಇಂಡಿಯಾ ಫೋರಂ, ಸ್ವಲ್ಪ ತಡೆಯಿರಿ, ಮೊದಲು ಎಲ್ಲರ ಜೊತೆ ಮಾತಾಡಿ ಎಂದಿತು. ಟೆಲಿಕಾಂ ಕಂಪನಿಗಳ ಉತ್ಸಾಹ ಬರೀ ಲೋಕಹಿತಕ್ಕಾಗಿ ಎಂದು ನಂಬುವುದು ಸ್ವಲ್ಪ ಕಷ್ಟ. ವಾಟ್ಸಾಪ್ ಬೇಕೆಂದರೆ ಸಿಮ್ ಜೀವಂತ ಇರಬೇಕು, ಸಿಮ್ ಜೀವಂತ ಇರಬೇಕೆಂದರೆ ರೀಚಾರ್ಜ್ ಆಗುತ್ತಿರಬೇಕು.

ಕಾನೂನಿನ ಕೊಂಡಿ ಹೀಗಿದೆ. 2023ರ ದೂರಸಂಪರ್ಕ ಕಾಯ್ದೆ ಬಂದಾಗ ಸಚಿವರಾಗಿದ್ದ ಅಶ್ವಿನಿ ವೈಷ್ಣವ್, ಇಂಥ ಆ್ಯಪ್‌ಗಳು ಆ ಕಾಯ್ದೆಯಡಿ ಬರುವುದಿಲ್ಲ, ಐಟಿ ಕಾಯ್ದೆಯಡಿ ಇವೆ ಎಂದಿದ್ದರು. 2024ರ ನವೆಂಬರ್‌ನಲ್ಲಿ ಟೆಲಿಕಾಂ ಸೈಬರ್ ಭದ್ರತಾ ನಿಯಮಗಳು ಬಂದವು. 2025ರ ಅಕ್ಟೋಬರ್‌ನಲ್ಲಿ ಅದಕ್ಕೆ ತಿದ್ದುಪಡಿ ತಂದು, ಗ್ರಾಹಕರನ್ನು ಗುರುತಿಸಲು ಮೊಬೈಲ್ ನಂಬರ್ ಬಳಸುವ ಸಂಸ್ಥೆಗಳನ್ನೂ ಒಳಗೆ ಸೇರಿಸಿಕೊಂಡರು. ಮುಂದಿನ ತಿಂಗಳೇ ಈ ಆದೇಶ. ಟೀಕಾಕಾರರ ತಕರಾರು ಇದೇ. ಕಾಯ್ದೆಯ ಮುಂಬಾಗಿಲಲ್ಲಿ ಬರದದ್ದು ನಿಯಮದ ಹಿತ್ತಲ ಬಾಗಿಲಿಂದ ಬಂತು. ಮೊಬೈಲ್ ನಂಬರ್ ಕೇಳದ ಆ್ಯಪ್ ಈಗ ಯಾವುದಿದೆ? ಊಟ ತರಿಸುವ ಆ್ಯಪೂ ಕೇಳುತ್ತದೆ. ಅದಕ್ಕೂ ನಾಳೆ ಇಂಥದ್ದೇ ಷರತ್ತು ಬಂದರೆ ಬೇಡ ಎನ್ನಲು ಕಾನೂನಿನಲ್ಲಿ ಜಾಗ ಚಿಕ್ಕದು.

ವಂಚಕರು ಮುಂದೇನು ಮಾಡಬಹುದು?

ಸುಮ್ಮನೆ ಕೂರುವುದಿಲ್ಲ. ಸಿಮ್ ಮುರಿದು ಎಸೆಯುವ ಬದಲು ಸಿಮ್ಮನ್ನೇ ಹೊರದೇಶಕ್ಕೆ ಸಾಗಿಸಬಹುದು. ಇಲ್ಲವೇ ಸಿಮ್‌ಗಳನ್ನು ಇಲ್ಲೇ ಸಿಮ್ ಬಾಕ್ಸ್‌ಗಳಲ್ಲಿ ತುಂಬಿಡಬಹುದು. ನೂರಾರು ಸಿಮ್ ಒಟ್ಟಿಗೆ ಹಿಡಿಯುವ ಈ ಪೆಟ್ಟಿಗೆಗಳನ್ನು 2021ರಲ್ಲಿ ಬೆಂಗಳೂರಿನಲ್ಲೇ ಪೊಲೀಸರು ಹಿಡಿದಿದ್ದರು. ಆಗ ಅವನ್ನು ವಿದೇಶಿ ಕರೆಗಳನ್ನು ಸ್ಥಳೀಯ ಕರೆಯಂತೆ ತೋರಿಸಲು ಬಳಸಲಾಗಿತ್ತು. +91 ಬಿಟ್ಟು ಬೇರೆ ದೇಶದ ನಂಬರಿಗೆ ಹಾರುವುದೂ ಒಂದು ದಾರಿ. ಆಗ ನಮ್ಮ ಸಿಮ್ ನಿಯಮದ ಕೈ ಅಲ್ಲಿಗೆ ಎಟುಕುವುದು ಕಷ್ಟ.

ಆದರೂ ಒಂದು ಮಾತು ಒಪ್ಪಬೇಕು. ಪ್ರತಿ ದಾರಿಗೂ ಖರ್ಚಿದೆ. ಓಟಿಪಿ ಕಳಿಸಲು ದುಡ್ಡು ಬೇಡ, ಸಿಮ್ ಸಾಗಿಸಲು ಬೇಕು. ಸಾಗಿಸಿದ ಸಿಮ್ ಎಲ್ಲೋ ಒಂದು ಕಡೆ ಟವರಿಗೆ ಅಂಟಿಕೊಳ್ಳುತ್ತದೆ, ಅಲ್ಲೊಂದು ಜಾಡು ಉಳಿಯುತ್ತದೆ. ಸಣ್ಣಪುಟ್ಟ ವಂಚಕರಿಗೆ ಇದು ಹೊರೆಯಾಗಬಹುದು. ಕೋಟಿಗಟ್ಟಲೆ ದೋಚುವವರಿಗೆ ಒಂದು ಸಿಮ್ಮಿನ ಸಾಗಾಟ ವೆಚ್ಚ ಯಾವ ಲೆಕ್ಕ? ಅವರನ್ನು ಹಿಡಿಯಬೇಕೆಂದರೆ ಸಿಮ್ ಕೊಡುವ ಕೌಂಟರನ್ನೂ, ಕದ್ದ ಹಣ ಮೊದಲು ಹೋಗಿ ಇಳಿಯುವ ಬಾಡಿಗೆ ಬ್ಯಾಂಕ್ ಖಾತೆಗಳನ್ನೂ ಬಿಗಿ ಮಾಡಬೇಕು. ಈ ಆದೇಶ ಅವೆರಡರ ಬಗ್ಗೆ ಏನೂ ಹೇಳುವುದಿಲ್ಲ.

ಈಗಲೇ ಮಾಡಿಕೊಳ್ಳಬಹುದಾದ್ದು

ನಿಯಮ ಯಾವ ರೂಪದಲ್ಲಿ ಬಂದರೂ ಕೆಲವು ಕೆಲಸ ಈಗಲೇ ಮುಗಿಸಿದರೆ ನಷ್ಟವಿಲ್ಲ. ವಾಟ್ಸಾಪ್‌ನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು ನೋಡಿ. ಗುರುತು ಸಿಗದ ಬ್ರೌಸರ್ ಇದ್ದರೆ ಅದರ ಮೇಲೆ ಒತ್ತಿ ಲಾಗೌಟ್ ಮಾಡಿ. ಆರು ಗಂಟೆಯ ನಿಯಮ ಮಾಡುವ ಕೆಲಸವನ್ನು ನೀವೇ ಅರ್ಧ ನಿಮಿಷದಲ್ಲಿ ಮಾಡಿದ ಹಾಗೆ. ಸೆಟ್ಟಿಂಗ್ಸ್‌ನ 'ಅಕೌಂಟ್' ಒಳಗೆ ಟೂ-ಸ್ಟೆಪ್ ವೆರಿಫಿಕೇಶನ್ ಇದೆ. ಆರು ಅಂಕಿಯ ಪಿನ್ ಇಟ್ಟುಕೊಂಡರೆ ಓಟಿಪಿ ಕದ್ದವರಿಗೂ ಖಾತೆ ಸಿಗುವುದಿಲ್ಲ.

ವಾಪಸ್ ಪಡೆದಿದ್ದು ಸಂಚಾರ್ ಸಾಥಿ ಆ್ಯಪಿನ ಕಡ್ಡಾಯವನ್ನಷ್ಟೇ, ಆ್ಯಪನ್ನಲ್ಲ. ಅದನ್ನು ಹಾಕಿಕೊಳ್ಳಲು ಇಷ್ಟವಿಲ್ಲದವರು 2023ರಿಂದ ಇರುವ ಅದರ ವೆಬ್‌ಸೈಟಿಗೇ ಹೋಗಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಅಲ್ಲಿ ತೋರಿಸುತ್ತದೆ. ನಿಮ್ಮದಲ್ಲದ ನಂಬರ್ ಕಂಡರೆ 'ನನ್ನದಲ್ಲ' ಎಂದು ಗುರುತು ಹಾಕಿ. ಬಸ್ ಸ್ಟ್ಯಾಂಡಿನ ಎರಡನೇ ಹೆಬ್ಬೆಟ್ಟಿನ ಕಥೆ ಹೊರಬೀಳುವುದು ಇಲ್ಲೇ.

ಊರಿನ ನಂಬರ್ ಇನ್ನು ಬೇಡ ಎನ್ನುವ ಹೊರನಾಡಿನವರಿಗೆ ವಾಟ್ಸಾಪ್‌ನಲ್ಲೇ 'ಚೇಂಜ್ ನಂಬರ್' ಇದೆ. ಗ್ರೂಪುಗಳೆಲ್ಲ ಹೊಸ ನಂಬರಿಗೆ ಬರುತ್ತವೆ. ಬೇಕು ಎನ್ನುವವರು ಸಿಮ್ ಸಾಯದಂತೆ ನೋಡಿಕೊಳ್ಳಬೇಕು. ಡೇಟಾ ಇಲ್ಲದೆ ಕರೆ, ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಅಂಗಡಿಯವರು ತಾವಾಗಿ ಅದನ್ನು ಹೇಳುವುದು ಕಡಿಮೆ, ಕೇಳಿ ಹಾಕಿಸಿಕೊಳ್ಳಬೇಕು.

ಇನ್ನು ಜೆರಾಕ್ಸ್ ಅಂಗಡಿಯವರಿಗೆ ಒಂದೇ ಉಪಾಯ ಕಾಣುತ್ತದೆ. ಅಂಗಡಿಯ ನಂಬರನ್ನು ಸ್ವಂತ ನಂಬರಿನಿಂದ ಬೇರೆ ಮಾಡುವುದು. ಆ ಸಿಮ್ಮನ್ನು ಪರದೆ ಸ್ವಲ್ಪ ಬಿರುಕು ಬಿಟ್ಟ ಯಾವುದಾದರೂ ಹಳೆಯ ಫೋನಿಗೆ ಹಾಕುವುದು. ಯುಪಿಐ, ಮನೆಯವರ ಫೋಟೊ ಯಾವುದೂ ಅದರಲ್ಲಿ ಇರದಂತೆ ನೋಡಿಕೊಂಡು, ಚಾರ್ಜರ್ ಸಮೇತ ಪ್ರಿಂಟರ್ ಪಕ್ಕ ಇಟ್ಟುಬಿಡುವುದು. ಮೂರೂವರೆಗೆ ಹುಡುಗನೇ ಸ್ಕ್ಯಾನ್ ಮಾಡಿಕೊಳ್ಳುತ್ತಾನೆ.